ಜನ್ನಾಪುರದ ವಾಷಿಂಗ್ ಮೆಷಿನ್

2022ರಲ್ಲಿ ನಾನು ಶಿವಮೊಗ್ಗದ ಒಂದು ಸರ್ವಿಸ್ ಸೆಂಟರಿನಲ್ಲಿ ಹಿರಿಯ ಟೆಕ್ನಿಷಿಯನ್ ಆಗಿದ್ದೆ. ವಾಷಿಂಗ್ ಮೆಷಿನ್ ನನ್ನ ವಿಭಾಗ. ಶಿವಮೊಗ್ಗ ನಗರ, ಈ ಕಡೆ ಭದ್ರಾವತಿ, ಆ ಕಡೆ ಕುಂಸಿಯವರೆಗೆ ಯಾರ ಮನೆಯಲ್ಲಿ ಮೆಷಿನ್ ನಿಂತರೂ ನನ್ನ ಫೋನು ಹೊಡೆದುಕೊಳ್ಳುತ್ತಿತ್ತು. ನಮ್ಮ ಕಸುಬಿಗೆ ವರ್ಷಕ್ಕೆ ಎರಡು ಸುಗ್ಗಿ. ಒಂದು ಮಳೆಗಾಲ. ಇನ್ನೊಂದು, ಹೇಳಿದರೆ ನಗುತ್ತೀರಿ, ಆಯುಧಪೂಜೆಯ ಮರುದಿನ.

ಬೈಕು, ಕಾರು ತೊಳೆದ ಪೈಪನ್ನೇ ಬಚ್ಚಲಮನೆಯವರೆಗೆ ಎಳೆದು ವಾಷಿಂಗ್ ಮೆಷಿನ್ನಿಗೂ ಸ್ನಾನ ಮಾಡಿಸುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಬಟ್ಟೆ ಒಗೆಯುವ ಯಂತ್ರಕ್ಕೆ ನೀರಿನ ಭಯವೇನು ಎಂಬುದು ಅವರ ಲೆಕ್ಕಾಚಾರ. ನೀರು ಹೋಗಬೇಕಾದ್ದು ಟಬ್ಬಿಗೆ. ಮೇಲಿನ ಬಟನ್‌ಗಳ ಕೆಳಗೆ ಪಿಸಿಬಿ ಎಂಬ ಎಲೆಕ್ಟ್ರಾನಿಕ್ ಬೋರ್ಡ್ ಇರುತ್ತದೆ. ಎಷ್ಟು ನೀರು ತುಂಬಬೇಕು, ಯಾವಾಗ ತಿರುಗಬೇಕು, ಯಾವಾಗ ಹಿಂಡಬೇಕು ಎಂದು ಅಪ್ಪಣೆ ಕೊಡುವುದು ಅದೇ. ಅದರ ಮೇಲೆ ಒಂದು ಲೋಟ ನೀರು ಬಿದ್ದರೂ ಕೆಲಸ ಮುಗಿಯಿತು.

ಆ ವರ್ಷ ದಸರಾ ಕಳೆದ ವಾರ ಭದ್ರಾವತಿಯ ಜನ್ನಾಪುರದಿಂದ ಕರೆ ಬಂತು. ಬಾಗಿಲು ತೆರೆದವರು ಗಿರಿಜಮ್ಮ, ನಲವತ್ತರ ಆಸುಪಾಸಿನವರು. ಬಲ ಮಣಿಕಟ್ಟಿಗೆ ಬೆಲ್ಟ್ ಸುತ್ತಿಕೊಂಡಿದ್ದರು. ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಮೂಳೆ ಮುರಿದು, ರಾಡ್ ಹಾಕಿಸಿಕೊಂಡಿದ್ದರಂತೆ. ಇನ್ನು ಮುಂದೆ ಬಟ್ಟೆ ಹಿಂಡಕೂಡದು ಎಂದು ಡಾಕ್ಟರು ಹೇಳಿದ ಮೇಲೆ ಮನೆಗೆ ಮೆಷಿನ್ ಬಂದದ್ದು. ಒಳಕೋಣೆಯಲ್ಲಿ ಅವರ ಅತ್ತೆ ಸೊಂಟ ಮುರಿದು ಹಾಸಿಗೆ ಹಿಡಿದಿದ್ದರು. ಅಜ್ಜಿಯ ಹಾಸಿಗೆ ಬಟ್ಟೆಯನ್ನು ದಿನಕ್ಕೆ ಎರಡು ಮೂರು ಸಲ ಬದಲಿಸಬೇಕು. ಬಚ್ಚಲಲ್ಲಿ ಬಕೆಟ್ಟುಗಳ ತುಂಬಾ ನೆನೆಹಾಕಿದ ಬೆಡ್‌ಶೀಟುಗಳಿದ್ದವು. ಒಂದಷ್ಟನ್ನು ಅವರು ಕೈಯಲ್ಲೇ ಒಗೆದು, ಹಿಂಡಲಾಗದೆ, ತೊಟ್ಟಿಕ್ಕುತ್ತಿದ್ದ ಹಾಗೆಯೇ ತಂತಿಗೆ ಹಾಕಿದ್ದರು.

ಗಂಡ ಮಹೇಶಪ್ಪನವರದು ಹಾರ್ಡ್‌ವೇರ್ ಅಂಗಡಿ. ನಾನು ಸ್ಕ್ರೂ ತೆಗೆಯುವ ಮೊದಲೇ ರೋಗ ಏನೆಂದು ಅವರೇ ಹೇಳಿಬಿಟ್ಟರು.

"ಇವಳು ಹೊತ್ತಿಗೊಂದ್ಸಲ ಓಡಿಸ್ತಾಳೆ ಮಾರಾಯ. ಎತ್ತಾಗಿದ್ರೆ ಮಧ್ಯ ಕೂತಾದ್ರೂ ಕೂರ್ತಿತ್ತು. ಇದು ಪಾಪ, ಪ್ರಾಣ ಬಿಡ್ತು."

ನಾನು ಮೇಲಿನ ಪ್ಯಾನೆಲ್ ಬಿಚ್ಚಿದೆ. ಬೋರ್ಡಿನ ಮೇಲೆ ಕುಂಕುಮದ ನೀರು ಇಳಿದು ಒಣಗಿತ್ತು.

"ಮೇಲಿಂದ ನೀರು ಹೋಗಿದೆ ಸಾರ್. ಹಬ್ಬಕ್ಕೆ ತೊಳೆದ್ರಾ?"

ಒಳಕೋಣೆಯಿಂದ ಅಜ್ಜಿಯ ದನಿ ಬಂತು. "ಅವನೇ ತೊಳೆದಿದ್ದು ಕಣಪ್ಪ! ಪೈಪ್ ಹಿಡ್ಕೊಂಡು, ಆನೆಗೆ ಸ್ನಾನ ಮಾಡಿಸ್ದಂಗೆ! ನನಗೆ ಸೊಂಟ ಹೋಗಿರೋದು, ಕಿವಿ ಹೋಗಿಲ್ಲ."

"ವಾಷಿಂಗ್ ಮೆಷಿನ್‌ಗೆ ನೀರು ಹಾಕ್ದೆ ಇನ್ನೇನು ಸೀಮೆಎಣ್ಣೆ ಹಾಕ್ಬೇಕಿತ್ತಾ?" ಎಂದು ಮಹೇಶಪ್ಪ ಅಂಗಡಿಗೆ ಹೊರಟುಹೋದರು. ಹೆಂಡತಿಯ ಮೇಲೆ ಹೊರಿಸಿದ್ದನ್ನು ಮಾತ್ರ ವಾಪಸು ತೆಗೆದುಕೊಳ್ಳಲಿಲ್ಲ.

ಹೊಸ ಬೋರ್ಡ್ ಬೆಂಗಳೂರಿನಿಂದ ಬರುವುದು ಯಾವಾಗಲೋ. ಬಕೆಟ್ಟುಗಳನ್ನು ನೋಡಿದ ಮೇಲೆ ಅಷ್ಟು ದಿನ ಕಾಯಿಸಲು ಮನಸ್ಸಾಗಲಿಲ್ಲ. ಬೋರ್ಡನ್ನು ಶಿವಮೊಗ್ಗಕ್ಕೆ ತಂದು, ದ್ರಾವಣ ಹಾಕಿ ಬ್ರಷ್ಷಿನಲ್ಲಿ ಉಜ್ಜಿ, ನಿಧಾನವಾಗಿ ಒಣಗಿಸಿದೆ. ಮೋಟಾರಿಗೆ ಕರೆಂಟ್ ಬಿಡುವ ಪುಟ್ಟ ಸ್ವಿಚ್ಚು ಸುಟ್ಟುಹೋಗಿತ್ತು, ರಿಲೇ ಅನ್ನುತ್ತೇವೆ. ಅದನ್ನು ಬದಲಿಸಿದೆ. ಮರುದಿನ ಕೊಂಡೊಯ್ದು ಕೂರಿಸಿ, ಅಜ್ಜಿಯ ಬೆಡ್‌ಶೀಟುಗಳನ್ನೇ ಹಾಕಿ ಓಡಿಸಿದೆ. ಕೊನೆಯ ಹಿಂಡುವಿಕೆಯವರೆಗೆ ನಿಂತು ನೋಡದೆ ಹೊರಡುವವನಲ್ಲ ನಾನು. ಗಿರಿಜಮ್ಮನೂ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದರು.

"ಈ ಹಿಂಡೋ ಸದ್ದು ಕೇಳಿದ್ರೆ ಸಾಕು, ಕೈಗೆ ಜೀವ ಬಂದಂಗಾಗುತ್ತೆ," ಎಂದರು.

ಅಜ್ಜಿಗೂ ಸದ್ದು ಕೇಳಿಸಿತು. "ಆಯ್ತೇನೇ ಗಿರಿಜಾ? ಹಾಗಾದ್ರೆ ನನಗೊಂದು ಲೋಟ ಕಾಫಿ ಕೊಡು. ತುಂಬಾ ಕೊಡು."

ಗಿರಿಜಮ್ಮ ದನಿ ತಗ್ಗಿಸಿದರು. "ಮೆಷಿನ್ ನಿಂತಾಗಿಂದ ಕಾಫಿನೂ ಬೇಡ, ನೀರೂ ಬೇಡ ಅಂತಿದ್ರು. ಹಾಸಿಗೆ ಒದ್ದೆಯಾದ್ರೆ ನನಗೆ ಕಷ್ಟ ಅಂತ."

ಅಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ದೀಪಾವಳಿ ಮುಗಿಯುತ್ತಲೇ ಮಹೇಶಪ್ಪನವರ ಫೋನ್ ಬಂತು. ಮೆಷಿನ್ ಕೆಟ್ಟಿಲ್ಲ, ಬಿಚ್ಚಿ ಶಿವಮೊಗ್ಗದಲ್ಲಿ ಕೂರಿಸಿಕೊಡಬೇಕು ಎಂದರು. ಹೋಗಿ ನೋಡಿದರೆ ಬಾಗಿಲಲ್ಲಿ ಲಗೇಜ್ ಆಟೋ. ಹಬ್ಬಕ್ಕೆ ಬಂದಿದ್ದ ಅವರ ತಂಗಿ ಉಮಾ ಜಗುಲಿಯಲ್ಲಿ ಕೂತಿದ್ದರು. ಅವರ ಮನೆ ಶಿವಮೊಗ್ಗದ ರಾಗಿಗುಡ್ಡದಲ್ಲಿ. ಅಲ್ಲಿನ ಹಳೆಯ ಮೆಷಿನ್ ಕೆಟ್ಟಿತ್ತು.

"ತವರಿಗೆ ಬಂದ ಹೆಣ್ಣುಮಗಳನ್ನ ಬರಿಗೈಲಿ ಕಳಿಸೋಕಾಗುತ್ತಾ?" ಎಂದರು ಮಹೇಶಪ್ಪ. "ಮೊದ್ಲು ಹೊಸಾದು ಕೊಡಿಸೋಣ ಅಂತಿದ್ದೆ. ನೀವು ಕೈಯಿಟ್ಟ ಮೇಲೆ ಇದೇ ಹೊಸದರಂಗೆ ಓಡ್ತಿದೆ."

"ಇಲ್ಲಿ ಅಮ್ಮನ ಬಟ್ಟೆಗೆ?" ಎಂದೆ.

"ಆ ಬಟ್ಟೆಗೆಲ್ಲ ಮೆಷಿನ್ ಯಾಕ್ರೀ? ಕಲ್ಲಿದೆಯಲ್ಲ."

ಮನೆಯವರ ಕೈ ಹೇಗಿದೆ ನೋಡಿದ್ದೀರಾ ಎಂದೆ. "ನೀವು ಮೆಷಿನ್ ನೋಡಿ," ಎಂದರು. ನೀರಿನ ಪೈಪು ಬಿಚ್ಚಲು ಕೂತೆ. ಮೆಷಿನ್ ಎಳೆದ ಸದ್ದಿಗೆ ಅಜ್ಜಿ ಎಚ್ಚರಗೊಂಡರು.

"ಏನದು? ಮತ್ತೆ ಕೆಡ್ತಾ?"

"ಹ್ಞೂ ಅಮ್ಮ, ರಿಪೇರಿಗೆ ಒಯ್ತಿದಾರೆ," ಎಂದರು ಉಮಾ, ಕೂತಲ್ಲಿಂದಲೇ.

"ಹೌದೇನಪ್ಪಾ ರಿಪೇರಿಯವ್ನೇ? ನೀನು ಮಾಡಿದ್ದು ಇಷ್ಟು ಬೇಗ ಕೆಡುತ್ತಾ?"

ನನ್ನ ಬಾಯಿಗೆ ಬಂದದ್ದು ಬೇರೆ. ಅಷ್ಟರಲ್ಲಿ ಗಿರಿಜಮ್ಮ ಅಡುಗೆಮನೆಯಿಂದ ಬಂದರು. "ಹೌದು ಅತ್ತೆ. ಅವರ ತಪ್ಪಲ್ಲ, ಮೆಷಿನ್ನೇ ಹಂಗೆ. ನೀವು ಮಲಗಿ," ಎಂದವರೇ ಪೈಪನ್ನು ಒರೆಸಿ, ಸುತ್ತಿ, ದಾರ ಕಟ್ಟಿ ನನ್ನ ಕೈಗಿಟ್ಟರು. "ಇದನ್ನ ಬಿಟ್ಟು ಹೋಗ್ಬೇಡಿ. ಅಲ್ಲಿ ಹೋಗಿ ಮತ್ತೆ ಹುಡುಕೋ ಹಾಗಾಗುತ್ತೆ."

ರಾಗಿಗುಡ್ಡದ ಮನೆಯಲ್ಲಿ ಮೆಷಿನ್ ಕೂರಿಸಿ, ನಲ್ಲಿ ಜೋಡಿಸಿ, ಕಾಲುಗಳ ಮಟ್ಟ ಸರಿಮಾಡಿದೆ. ಉಮಾ ಮುಚ್ಚಳ ಎತ್ತಿ ಒಳಗೆ ಬಗ್ಗಿ ನೋಡಿದರು.

"ಟಬ್ ಕ್ಲೀನ್ ಅಂತ ಇದೆಯಲ್ಲ, ಅದನ್ನ ಒಂದೆರಡು ಸಲ ಓಡಿಸ್ಬಿಡಿ. ಏನೇನೆಲ್ಲ ಬಟ್ಟೆ ಹಾಕಿದ್ರೋ ಅಲ್ಲಿ. ನಮ್ಮದನ್ನ ಹಾಕೋಕೆ ಒಂಥರಾ ಆಗುತ್ತೆ."

ಟಬ್ ಕ್ಲೀನ್ ಎಂದರೆ ಬಟ್ಟೆ ಹಾಕದೆ ಬರಿಯ ನೀರು ತುಂಬಿಸಿ ಟಬ್ಬನ್ನೇ ತೊಳೆಯುವ ಕ್ರಮ. ಒತ್ತಿದೆ. ನೀರು ತುಂಬಿತು, ತಿರುಗಿತು, ಇಳಿದುಹೋಯಿತು. ಹೆತ್ತವಳ ಮೈಯ ಗುರುತೇ ಉಳಿಯದಂತೆ ಮಗಳು ಎರಡನೆಯ ಸಲವೂ ಓಡಿಸಿದಳು. ನಾನು ಕೈಕಟ್ಟಿ ನಿಂತಿದ್ದೆ. ಬೋರ್ಡ್ ಒಂದು ಕ್ಷಣವೂ ತಡವರಿಸಲಿಲ್ಲ; ಅಷ್ಟು ಚೆನ್ನಾಗಿ ರಿಪೇರಿಯಾಗಿತ್ತು.

ಈಗಲೂ ಇದೇ ಕೆಲಸದಲ್ಲಿದ್ದೇನೆ. ಕೆಟ್ಟದ್ದನ್ನು ಓಡಿಸುವುದಷ್ಟೇ ನಮ್ಮ ಕೈಯಲ್ಲಿರುವುದು, ಓಡತೊಡಗಿದ್ದು ಯಾರ ಪಾಲಿಗೆ ಎಂದು ನಮ್ಮನ್ನು ಯಾರೂ ಕೇಳುವುದಿಲ್ಲ. ಮೆಷಿನ್ ನಿಂತಿದ್ದಾಗ ಅದು ಗಿರಿಜಮ್ಮನದು, ಅವರದೇ ತಪ್ಪು, ಅವರದೇ ಪಾಡು. ಓಡತೊಡಗಿದ ದಿನದಿಂದ ಅದು ಮನೆಯದಾಯಿತು.