ಶೈಲಾಳ ಹೆಸರಿನ ಮುಂದಿನ ಸೊನ್ನೆ

ಇವತ್ತು ಬೆಳಿಗ್ಗೆ ಚಳ್ಳಕೆರೆಯ ನಮ್ಮ ಬೀದಿಯಲ್ಲಿ ಯಾರೋ ಸಿಮೆಂಟು ನೆಲದ ಮೇಲೆ ಚೆಂಡು ಪುಟಿಸುತ್ತಿದ್ದರು. ಆ ದಪ್ ದಪ್ ಸದ್ದು ಕಿವಿಗೆ ಬಿದ್ದರೆ ಸಾಕು, ಎರಡು ವರ್ಷದ ಹಿಂದಿನ ಒಂದು ಭಾನುವಾರ ನೆನಪಾಗಿ ನನ್ನ ಮುಖ ಸ್ವಲ್ಪ ಬಿಸಿಯಾಗುತ್ತದೆ. ನಾನು ಆಟ ಆಡಿದವನಲ್ಲ, ಬಿಡಿ. ಗಣಿತದ ಮೇಷ್ಟ್ರಾಗಿದ್ದವನು. ಬಾಸ್ಕೆಟ್‌ಬಾಲ್ ಎಂದರೆ ಎತ್ತರದವರು ಬುಟ್ಟಿಗೆ ಚೆಂಡು ಹಾಕುವ ಆಟ, ನನಗೆ ಗೊತ್ತಿದ್ದುದು ಅಷ್ಟೇ.

ಆಡುತ್ತಿದ್ದವಳು ನನ್ನ ತಂಗಿ ರತ್ನಳ ಮಗಳು ಶೈಲಾ. ರತ್ನ ಮೊಳಕಾಲ್ಮೂರಿನಲ್ಲಿ ಮನೆಯಲ್ಲೇ ರೇಷ್ಮೆ ಸೀರೆ ನೇಯುತ್ತಾಳೆ. ಶೈಲಾ ದಾವಣಗೆರೆಯ ಕಾಲೇಜು ಸೇರಿ ತಂಡಕ್ಕೆ ಆಯ್ಕೆಯಾದ ಮೇಲೆ, ಶನಿವಾರ ಭಾನುವಾರ ಊರಿಗೆ ಬಂದು ಮಗ್ಗಕ್ಕೆ ಕೂರುವುದು ನಿಂತುಹೋಯಿತು. ರತ್ನಳಿಗೆ ಆಗಲೇ ಮಂಡಿನೋವು. ಒಂದು ವರ್ಷ ನೋಡುತ್ತೇನೆ, ಅಷ್ಟರಲ್ಲಿ ಏನೂ ಪ್ರಯೋಜನ ಕಾಣದಿದ್ದರೆ ಆಟ ಬಿಡಿಸುತ್ತೇನೆ ಎಂದಿದ್ದಳು. ಆ ವರ್ಷದ ಕೊನೆಯ ಪಂದ್ಯ ಆ ಭಾನುವಾರ ಬೆಳಿಗ್ಗೆ ಇತ್ತು. ಪಂದ್ಯ ಮುಗಿದ ಮೇಲೆ ಯಾರು ಹೇಗೆ ಆಡಿದರು ಎಂಬ ಪಟ್ಟಿಯನ್ನು ಇಂಟರ್‌ನೆಟ್ಟಿನಲ್ಲಿ ಹಾಕುತ್ತಾರಂತೆ. ರತ್ನಳದು ಬಟನ್ ಫೋನು. ಹಾಗಾಗಿ ಪಟ್ಟಿ ನೋಡಿ, ಮನೆಗೆ ಬಂದು ಇದ್ದದ್ದು ಇದ್ದಹಾಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಮಧ್ಯಾಹ್ನ ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ಫೋನಿನಲ್ಲಿ ಎಷ್ಟು ಸಲ ಒತ್ತಿದರೂ ಪಟ್ಟಿಯ ಪುಟ ತೆರೆಯಲಿಲ್ಲ. ತಳಕಿನಲ್ಲಿ ಬಸ್ಸು ನಿಂತು, ಕಂಡಕ್ಟರು ಟೀ ಕುಡಿಯಲು ಇಳಿದಾಗ ಒಮ್ಮೆಲೇ ತೆರೆದುಕೊಂಡಿತು. ಸಾಲು ಸಾಲು ಇಂಗ್ಲಿಷ್ ಅಕ್ಷರ, ಅದರ ಕೆಳಗೆ ಅಂಕಿ. ಶೈಲಾಳ ಹೆಸರು ಸಿಕ್ಕಿತು. ಅಂಕ ಸೊನ್ನೆ, ಫೌಲ್ ಐದು. ತಂಡವೂ ಸೋತಿತ್ತು. ಜೀವಮಾನವಿಡೀ ಮಕ್ಕಳ ಅಂಕಪಟ್ಟಿ ನೋಡಿದವನು ನಾನು. ಐದು ತಪ್ಪು ಮಾಡಿ ಸೊನ್ನೆ ತೆಗೆದುಕೊಂಡ ಮಗುವಿನ ತಾಯಿಗೆ ಏನು ಹೇಳುತ್ತಾರೆ? ಕೊಂಡ್ಲಹಳ್ಳಿಯ ಹೊಲಗಳನ್ನು ನೋಡುತ್ತಾ ಕೂತೆ. ಬಸ್ಸು ಇಳಿಯುವ ಹೊತ್ತಿಗೆ ಸುಳ್ಳು ಸಿದ್ಧವಾಗಿತ್ತು.

ರತ್ನ ಮಗ್ಗದಲ್ಲಿ ಕೂತಿದ್ದಳು. ಪಟ್ಟಿ ಬಂತಾ ಎಂದು ಕೇಳಿದಳು. ನೆಟ್‌ವರ್ಕೇ ಸಿಗಲಿಲ್ಲ ಎಂದೆ. ಲಾಳಿ ಎರಡು ಸಲ ಆಚೆ ಈಚೆ ಹೋಗಿ ಬಂತು.

"ಅವಳೇ ಫೋನ್ ಮಾಡಿದ್ಲು ಅಣ್ಣ," ಎಂದಳು ರತ್ನ. "ಒಂದೂ ಬುಟ್ಟಿಗೆ ಹಾಕಿಲ್ಲಂತೆ. ಐದು ಫೌಲ್ ಆಗಿ ಹೊರಗೆ ಕಳಿಸಿದ್ರಂತೆ. ಆ ಕಡೆ ತಂಡದಾಗೆ ಉದ್ದನೆ ಹುಡುಗಿ ಒಬ್ಳು ಐದಾಳಂತೆ, ಅವಳನ್ನ ತಡಿಯೋದೇ ಇವಳ ಕೆಲಸ ಅಂತೆ. ಆ ಹುಡುಗಿದು ಎಷ್ಟೈತೆ ನೋಡು."

ಹೇಳಿದ ಸುಳ್ಳು ಮರೆತು ಫೋನು ತೆಗೆದೆ. ಪುಟ ತಟ್ಟನೆ ತೆರೆಯಿತು. ರತ್ನ ನನ್ನ ಮುಖ ನೋಡಿದಳು, ನೆಟ್‌ವರ್ಕಿನ ಮಾತು ಎತ್ತಲಿಲ್ಲ. ಎತ್ತಿದ್ದರೇ ಚೆನ್ನಾಗಿತ್ತು.

ಬಸ್ಸಿನಲ್ಲಿ ನಾನು ಒಂದೇ ಸಾಲು ಓದಿ ಫೋನು ಜೇಬಿಗಿಟ್ಟಿದ್ದೆ. ಈಗ ರತ್ನ ಹೇಳಿದ ಹೆಸರು ಹಿಡಿದು ಆಚೆ ತಂಡದ ಪಟ್ಟಿಗೆ ಹೋದೆ. ಆ ಹುಡುಗಿಯ ಅಂಕ ಹಿಂದಿನ ಪಂದ್ಯಗಳಲ್ಲೆಲ್ಲ ಇಪ್ಪತ್ತರ ಮೇಲೆಯೇ ಇತ್ತು. ಅವತ್ತು ನಾಲ್ಕು. ಓದಿ ಹೇಳಿದೆ. ರತ್ನ ಮತ್ತೆ ಓದಿಸಿದಳು. ಆ ನಾಲ್ಕೂ ಶೈಲಾ ಹೊರಗೆ ಬಂದ ಮೇಲೆ ಹಾಕಿದ್ದಂತೆ. ಅದು ಯಾವ ಪಟ್ಟಿಯಲ್ಲೂ ಇರಲಿಲ್ಲ, ತಾನಿರುವ ತನಕ ಅವಳಿಗೆ ಒಂದೂ ಹಾಕಲು ಬಿಡಲಿಲ್ಲ ಎಂದಷ್ಟೇ ಶೈಲಾ ಅವ್ವನಿಗೆ ಹೇಳಿದ್ದಳು.

"ಆಡ್ಲಿ ಬಿಡು," ಎಂದಳು ರತ್ನ. "ಸೀರೆ ನಾಕು ದಿನ ತಡ ಆಗ್ಲಿ."

ಮುಂದೆ ಶೈಲಾ ಊರಿಗೆ ಬಂದಾಗ ನನ್ನ ಸುಳ್ಳನ್ನು ನಾನೇ ಒಪ್ಪಿಕೊಂಡೆ. ಅವಳು ನಗಲಿಲ್ಲ. "ಸೊನ್ನೆ ಅಂತ ಹೇಳಕ್ಕೆ ನನಗೇ ನಾಚ್ಕೆ ಆಗ್ಲಿಲ್ಲ ಮಾವ, ನಿನಗ್ಯಾಕಾತು?" ಎಂದಳು. ನನ್ನ ತರಗತಿಯಲ್ಲಿ ಸೊನ್ನೆ ಬಂದ ಎಷ್ಟೋ ಮಕ್ಕಳನ್ನು ಬರೀ ಒಂದು ಸಾಲು ಓದಿ ಮನೆಗೆ ಕಳಿಸಿದ್ದೇನೆ ಎಂಬುದು ಆಗ ಹೊಳೆಯಿತು. ಅವರಲ್ಲಿ ಕೆಲವರು ಈಗಲೂ ಪೇಟೆಯಲ್ಲಿ ಸಿಕ್ಕಿ ನಮಸ್ಕಾರ ಹೇಳುತ್ತಾರೆ.

ಶೈಲಾಳಿಗೆ ಈಗ ಕಾಲೇಜಿನ ಕೊನೆಯ ವರ್ಷ. ಇವತ್ತು ಸಂಜೆ ಅವಳ ತಂಡದ ಪಂದ್ಯವಿತ್ತು. ಪಟ್ಟಿ ಬಂದ ಮೇಲೆ ಎರಡೂ ತಂಡದ್ದು ಮೇಲಿನಿಂದ ಕೆಳಗೆ ನಿಧಾನವಾಗಿ ಓದಿದೆ. ಶೈಲಾಳನ್ನು ಒಂದು ನಿಮಿಷವೂ ಅಂಗಳಕ್ಕೆ ಇಳಿಸಿರಲಿಲ್ಲ. ಕೂಡಲೇ ರತ್ನಳಿಗೆ ಫೋನು ಮಾಡಿ, ಅವಳು ಕೇಳುವ ಮೊದಲೇ, ಇದ್ದದ್ದು ಹೇಳಿದೆ.

ಆ ಕಡೆ ಮಗ್ಗದ ಸದ್ದು ನಿಂತಿತು.

"ಹಂಗಾದ್ರೆ ಸುಸ್ತಾಗಿರಲ್ಲ," ಎಂದಳು ರತ್ನ. "ನೀನು ಇಡಣ್ಣ, ಅವಳಿಗೆ ಫೋನ್ ಮಾಡ್ತೀನಿ. ಇವತ್ತು ಜಾಸ್ತಿ ಹೊತ್ತು ಮಾತಾಡ್ತಾಳೆ."