ಹಬ್ಬದ ದಿನದ ಪಾಳಿ

ಕೆ.ಆರ್. ಪುರದ ನಮ್ಮ ಬಡಾವಣೆಯ ಹಿಂದೆ ಹರಿಯುವುದನ್ನು ಹೊಳೆ ಎನ್ನುವವರು ನಾವು ಏಳೆಂಟು ಜನ ಮಾತ್ರ. ಉಳಿದವರಿಗೆ ಅದು ಮೋರಿ. ಮುಂದೆ ಹೋಗಿ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ ಎಂದರೆ ಮೂಗು ಮುಚ್ಚಿಕೊಂಡೇ ನಗುತ್ತಾರೆ. ನಗಲಿ ಬಿಡಿ. ಲಾಂಟಾನಾ ಕಳೆ ಕಿತ್ತು, ಯಾರೋ ಸುರಿದುಹೋದ ಕಟ್ಟಡದ ಮಣ್ಣು ಹೊತ್ತುಹಾಕಿ, ಆ ದಂಡೆಯಲ್ಲಿ ಹೊಳೆಮತ್ತಿ, ಲಕ್ಕಿ, ಬನ್ನಿ, ಎಕ್ಕ ಬೆಳೆಸಿದ್ದೇವೆ. ಎಲ್ಲವೂ ಮೊದಲಿನಿಂದ ಈ ನೆಲದವೇ. ನನಗೆ ಅದರ ಜಂಬವಿದೆ. ಆ ಜಂಬವೇ ಈ ಸಲ ಗಣೇಶನ ಹಬ್ಬಕ್ಕೆ ಕೆಲಸ ಕೆಡಿಸಿತು.

ನಮ್ಮ ಗುಂಪಿನಲ್ಲಿ ಶಿವಾಜಿನಗರದಿಂದ ಮಗಳ ಮನೆಗೆ ಬಂದು ನೆಲೆಸಿದ ಒಬ್ಬರಿದ್ದಾರೆ. ನಾನು ಅವರನ್ನು ಆಪಾ ಎನ್ನುತ್ತೇನೆ, ಅವರು ನನ್ನನ್ನು ಅಕ್ಕ ಎನ್ನುತ್ತಾರೆ. ಯಾರು ದೊಡ್ಡವರೆಂದು ಕೇಳುವ ಧೈರ್ಯ ಇಬ್ಬರಿಗೂ ಇಲ್ಲ. ರಂಜಾನ್ ತಿಂಗಳಲ್ಲಿ ಅವರ ನೀರು ಹಾಕುವ ಪಾಳಿ ನಮಗೆ, ನಮ್ಮ ಹಬ್ಬಗಳಲ್ಲಿ ನಮ್ಮದು ಅವರಿಗೆ. ಹೊಳೆಮತ್ತಿಯ ಸಾಲು ಪೂರ್ತಿ ಆಪಾ ಕೈಯದು. ಬೀಜ ನೆನೆಸಿ, ಹಾಲಿನ ಪ್ಯಾಕೆಟ್ಟಿನಲ್ಲಿ ಮೊಳೆಸಿ, ಮೊಮ್ಮಕ್ಕಳಿಗಿಂತ ಹೆಚ್ಚು ಗದರಿಸಿ ಬೆಳೆಸಿದ್ದು. ಎಕ್ಕದ ಎಲೆಯ ಮೇಲೆ ಪಟ್ಟೆಪಟ್ಟೆಯ ಹುಳು ಕಂಡರೆ, ಅದು ಚಿಟ್ಟೆಯಾಗುವವರೆಗೂ ನಾವ್ಯಾರೂ ಹತ್ತಿರ ಸುಳಿಯುವಂತಿಲ್ಲ.

ಹಬ್ಬದ ಹಿಂದಿನ ದಿನ ನಾನು ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಬರೆದೆ: ‘ಗಣೇಶನಿಗೆ ಇಪ್ಪತ್ತೊಂದು ಪತ್ರೆ ಏರಿಸುತ್ತೀರಲ್ಲ, ಅವುಗಳಲ್ಲಿ ಎಷ್ಟೋ ನೀವು ಮೋರಿ ಅನ್ನುವ ಹೊಳೆಯ ದಂಡೆಯಲ್ಲೇ ಬೆಳೆದಿವೆ.’ ನಾಟಿ ಗಿಡದ ಬೆಲೆ ಜನರಿಗೆ ತಿಳಿಯಲಿ ಎಂದು. ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ನಾನು ಉಬ್ಬಿಹೋದೆ.

ಮಳೆ ಕೈಕೊಟ್ಟಿದ್ದರಿಂದ ಹಬ್ಬದ ಬೆಳಿಗ್ಗೆ ಆಪಾ ನೀರು ಹಾಕಲು ಹೋಗಿದ್ದರು. ನಾನು ಕಡುಬು ತುಂಬುತ್ತಿದ್ದಾಗ ಅವರ ಫೋನ್ ಬಂತು. ಕೈಯೆಲ್ಲ ಹಿಟ್ಟು, ಹಬ್ಬಕ್ಕೆ ಶುಭಾಶಯ ಹೇಳುವುದಕ್ಕಿರಬೇಕು, ಆಮೇಲೆ ಮಾತಾಡಿದರಾಯಿತು ಎಂದುಕೊಂಡೆ. ಮತ್ತೆ ಬಂತು. ಆಗಲೂ ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ಎದುರುಮನೆಯವರು ಒಂದು ಕಂತೆ ಪತ್ರೆ ತಂದುಕೊಟ್ಟರು.

“ನೀವು ಹೇಳಿದ್ದು ಒಳ್ಳೇದಾಯ್ತು ಕಣ್ರೀ, ಮಾರ್ಕೆಟ್‌ಗೆ ಹೋಗೋದು ತಪ್ತು. ಎಲ್ರೂ ಅಲ್ಲೇ ಕಿತ್ಕೊಂಡ್ವಿ.”

ಕಂತೆಯಲ್ಲಿ ಹೊಳೆಮತ್ತಿಯ ಕುಡಿಗಳಿದ್ದವು. ಎಲೆಯಲ್ಲ, ಕುಡಿಯನ್ನೇ ಮುರಿದಿದ್ದರು. ತಕ್ಷಣ ದಂಡೆಗೆ ಓಡಬೇಕಿತ್ತು. ಆದರೆ ಯಜಮಾನರು ಪೂಜೆಗೆ ಕೂತಾಗಿತ್ತು, ಪತ್ರೆ ಎಲ್ಲಿ ಎಂದು ಕೂಗುತ್ತಿದ್ದರು. ಆ ಕುಡಿಗಳನ್ನೇ ತೊಳೆದು ತಟ್ಟೆಗೆ ಹಾಕಿಕೊಟ್ಟೆ. ಮಂಗಳಾರತಿ ಆದಮೇಲೆ ದಂಡೆಗೆ ಓಡಿದೆ.

ಸಾಲಿನುದ್ದಕ್ಕೂ ಬರೀ ಕಡ್ಡಿಗಳು ನಿಂತಿದ್ದವು. ಎಕ್ಕ ಬೋಳಾಗಿತ್ತು, ಒಂದು ಹುಳು ಎಲೆಯಿಲ್ಲದ ಕಾಂಡವನ್ನು ಹತ್ತಿ ಇಳಿದು ಮಾಡುತ್ತಿತ್ತು. ಆಪಾ ತುಂಬಿದ ಬಿಂದಿಗೆ ಪಕ್ಕದಲ್ಲಿಟ್ಟುಕೊಂಡು ಕಲ್ಲಿನ ಮೇಲೆ ಕೂತಿದ್ದರು.

“ಬೇಡ ಅಂತ ಒಂದು ಮಾತು ಹೇಳ್ಬಾರ್ದಿತ್ತಾ ಆಪಾ?” ಎಂದೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ.

“ದೇವ್ರಿಗೆ ಅಂತ ಕೀಳ್ತಿದ್ರು ಅಕ್ಕ. ನಾನು ಹೇಗೆ ಬೇಡ ಅನ್ಲಿ? ಅದಕ್ಕೇ ನಿಮಗೆ ಫೋನ್ ಮಾಡಿದ್ದು.”

ಭೂಮಿ ಬಾಯಿಬಿಡಬಾರದೇ ಎನಿಸಿತು. ನಾನು ತಡೆದಿದ್ದರೆ ಜನ ನನ್ನನ್ನು ಬೈದುಕೊಂಡಾದರೂ ನಿಲ್ಲಿಸುತ್ತಿದ್ದರು. ಅವರು ತಡೆದಿದ್ದರೆ ಅದು ಗಿಡದ ಮಾತಾಗಿ ಉಳಿಯುತ್ತಿರಲಿಲ್ಲ. ಇಷ್ಟು ವರ್ಷ ಹಬ್ಬಕ್ಕೆ ಪಾಳಿ ಬದಲಾಯಿಸಿಕೊಂಡು ಬೀಗಿದವಳಿಗೆ ಇದು ಹೊಳೆದಿರಲೇ ಇಲ್ಲ.

“ಈಗ್ಲೇ ಗ್ರೂಪಲ್ಲಿ ಬರೀತೀನಿ. ತಪ್ಪು ನಂದೇ ಅಂತ, ಹೀಗೆ ಕೀಳ್ಬಾರ್ದಿತ್ತು ಅಂತ,” ಎಂದು ಫೋನ್ ತೆಗೆದೆ.

ಆಪಾ ನನ್ನ ಕೈ ಹಿಡಿದರು. “ಬೇಡ ಅಕ್ಕ. ಇಲ್ಲಿದ್ದಿದ್ದು ನಾನೊಬ್ಳೇ. ನಾನೇ ಚಾಡಿ ಹೇಳ್ದೆ ಅಂದ್ಕೋತಾರೆ. ನನ್ ಮಗಳು ಇದೇ ಬೀದೀಲಿ ಬಾಳ್ಬೇಕು.”

ಅವರು ಎದ್ದು, ಬಿಂದಿಗೆ ಎತ್ತಿಕೊಂಡು, ಬೋಳು ಕಡ್ಡಿಗಳಿಗೆ ನೀರು ಹಾಕತೊಡಗಿದರು. ನಾನು ಫೋನನ್ನು ಚೀಲಕ್ಕೆ ಹಾಕಿದೆ. ಬರೆಯುವುದು ತಪ್ಪಿತಲ್ಲ ಎಂದು ಒಳಗೊಳಗೇ ನಿರಾಳವೆನಿಸಿತು. ಗಿಡಗಳು ಮತ್ತೆ ಚಿಗುರಿವೆ. ಆ ನಿರಾಳಕ್ಕೆ ಮಾತ್ರ ನನಗೆ ಈಗಲೂ ನಾಚಿಕೆಯಾಗುತ್ತದೆ.