ಟ್ರಯಲ್ ಟೇಪಿನ ಹಾಡು

೧೯೬೪. ಜಯನಗರದ ಒಂದು ಮನೆಯ ಮಹಡಿಯಲ್ಲಿದ್ದ ಪುಟ್ಟ ಸ್ಟುಡಿಯೋದಲ್ಲಿ ನಾನು ರೆಕಾರ್ಡಿಸ್ಟ್. ಹುದ್ದೆಯ ಹೆಸರು ದೊಡ್ಡದು. ಕೆಲಸ ಮಾತ್ರ ಮೈಕ್ ಇಡುವುದು, ಟೇಪ್ ಓಡಿಸುವುದು, ಬಾಯಿ ಮುಚ್ಚಿಕೊಂಡಿರುವುದು.

ಎಲ್ಲರ ಬಾಯಲ್ಲಿದ್ದ ಒಂದು ಇಂಗ್ಲಿಷ್ ರಾಕ್ ಅಂಡ್ ರೋಲ್ ಹಾಡನ್ನು ಹೆಸರಾಂತ ಗಾಯಕಿಯೊಬ್ಬರಿಂದ ಕನ್ನಡದಲ್ಲಿ ಹಾಡಿಸುವುದೆಂದು ನಮ್ಮ ಮಾಲೀಕರು ನಿರ್ಧರಿಸಿದರು. ಆಗ ಹಾಡು, ವಾದ್ಯ ಎಲ್ಲ ಒಟ್ಟಿಗೇ ಒಂದೇ ಟೇಪಿಗೆ. ಒಬ್ಬರು ತಪ್ಪಿದರೂ ಎಲ್ಲ ಮೊದಲಿಂದ. ಅದಕ್ಕೇ ಮೊದಲು ವಾದ್ಯಗಳ ಜೊತೆಗೇ ಬೇರೊಬ್ಬರಿಂದ ಹಾಡಿಸಿ, ಆ ಟ್ರಯಲ್ ಟೇಪನ್ನು ಕಲಿಯಲೆಂದು ಗಾಯಕಿಗೆ ಕಳಿಸುತ್ತಿದ್ದೆವು. ಡಬ್ಬಿಯ ಮೇಲೆ ಗಾಯಕಿಯ ಹೆಸರನ್ನೇ ಬರೆಯುವುದು ರೂಢಿ. ಕೆಲಸವಾದ ಮೇಲೆ ಟ್ರಯಲ್ ಅಳಿಸಿ, ಅದೇ ಟೇಪನ್ನು ಮತ್ತೆ ಬಳಸುತ್ತಿದ್ದೆವು.

ಟ್ರಯಲ್ ಹಾಡಿದವಳು ಸರೋಜ, ಕತ್ರಿಗುಪ್ಪೆಯಿಂದ ನಡೆದು ಬರುತ್ತಿದ್ದ ಶಾಲೆಯ ಟೀಚರ್. ಒಂದೇ ಏಟಿಗೆ ಹಾಡಿ ಮುಗಿಸಿ, “ಸರಿ ಬಂತಾ ಸಾರ್?” ಅಂದಳು. ನಾನು ಮೆಷಿನ್ ನಿಲ್ಲಿಸುವ ಗಡಿಬಿಡಿಯಲ್ಲಿದ್ದೆ, ಉತ್ತರ ಕೊಡಲಿಲ್ಲ.

ವಾರದ ನಂತರ ಗಾಯಕಿ ಬಂದರು, ಟ್ರಯಲ್ ಟೇಪ್ ವಾಪಸು ಕೊಟ್ಟರು, ಹಾಡಿ ಹೋದರು. ಮೇಜಿನ ಮೇಲೆ ಎರಡು ಡಬ್ಬಿ, ಎರಡರ ಮೇಲೂ ಒಂದೇ ಹೆಸರು. ಕೇಳಿ ನೋಡದೆ ಒಂದನ್ನು ಅಳಿಸಿದೆ, ಇನ್ನೊಂದನ್ನು ಗ್ರಾಮಫೋನ್ ತಟ್ಟೆ ಒತ್ತಲು ಕಳಿಸಿದೆ.

ತಟ್ಟೆ ಬಂದಾಗ ಹಾಕಿದೆ. ಮೇಲೆ ಗಾಯಕಿಯ ಹೆಸರು, ಕೇಳಿಸಿದ್ದು ಸರೋಜಳ ದನಿ. ಗಾಯಕಿಯ ಹಾಡನ್ನು ನಾನೇ ಅಳಿಸಿದ್ದೆ, ಬದಲಿಸಲು ಏನೂ ಉಳಿದಿರಲಿಲ್ಲ.

ಹಾಡು ಗೆದ್ದಿತು. ಹೋಟೆಲು, ಮದುವೆಮನೆ, ಎಲ್ಲೆಲ್ಲೂ ಅದೇ. ತನ್ನ ದನಿಯಲ್ಲವೆಂದು ಗಾಯಕಿಗೆ ಗೊತ್ತಾಗದೆ ಇರುತ್ತದೆಯೇ? ಅವರೂ ತುಟಿ ಪಿಟಕ್ಕೆನ್ನಲಿಲ್ಲ. ಮಾಲೀಕರಿಗೆ ಹೇಳಿದೆ. “ಓಡ್ತಾ ಇದೆಯಲ್ಲಪ್ಪ, ಸುಮ್ನಿರು. ಬಾಯಿ ಬಿಟ್ರೆ ನಾಳೆಯಿಂದ ಬರಬೇಡ,” ಅಂದರು. ಸುಮ್ಮನಾದೆ.

ಕೆಲವು ತಿಂಗಳ ಮೇಲೆ ಸರೋಜ ಬಂದಳು. ಬೇರೊಂದು ಕಂಪನಿಯವರು ಅವಳ ದನಿ ಪರೀಕ್ಷೆ ಮಾಡಿದ್ದರಂತೆ.

“ಆ ದೊಡ್ಡ ಗಾಯಕೀನ ಕಾಪಿ ಹೊಡೀತೀಯ, ಸ್ವಂತ ದನಿ ತಗೊಂಡು ಬಾ ಅಂದ್ರು ಸಾರ್. ಆ ತಟ್ಟೇಲಿರೋದೇ ನಾನು. ನೀವು ಒಂದು ಚೀಟಿ ಬರೆದುಕೊಟ್ರೆ ತಗೋತಾರೆ.”

“ನಂಗೆ ಜ್ಞಾಪಕ ಇಲ್ಲಮ್ಮ,” ಅಂದೆ. ನನ್ನ ಬಾಯಿಂದ ಬಂದ ಮಾತು ಬೇರೆ ಯಾರೋ ಆಡಿದಂತಿತ್ತು.

ಅವಳು ಅಳಲಿಲ್ಲ. ಬಾಗಿಲ ಹತ್ತಿರ ತಿರುಗಿ, “ಅವತ್ತು ಸರಿ ಬಂತಾ ಅಂತ ಕೇಳಿದ್ದೆ. ಅದನ್ನಾದ್ರೂ ಹೇಳಿ ಸಾರ್,” ಅಂದಳು.

“ಬಹಳ ಚೆನ್ನಾಗಿ ಬಂದಿತ್ತಮ್ಮ.”

“ಹಾಗಾದ್ರೆ ಜ್ಞಾಪಕ ಇದೆ,” ಎಂದು ಮೆಟ್ಟಿಲಿಳಿದಳು. ಮತ್ತೆ ಬರಲಿಲ್ಲ.

ಅಂದಿನಿಂದ ನಿವೃತ್ತಿಯವರೆಗೂ ಟೇಪ್ ಓಡುವ ಮುಂಚೆಯೇ ಡಬ್ಬಿಯ ಮೇಲೆ, ಯಾರು ಹಾಡುತ್ತಾರೋ ಅವರ ಹೆಸರನ್ನೇ ಬರೆದಿದ್ದೇನೆ. ಕೆಲಸ ಕಲಿಸಿದ ಪಾಠ ಅದು. ಮುಂಚೆ ಬರೆಯಲು ಪೆನ್ಸಿಲ್ ಸಾಕು, ಆಮೇಲೆ ಬರೆಯಲು ಧೈರ್ಯ ಬೇಕು. ಸರೋಜ ಹಾಡಿದ ದಿನ ನನ್ನ ಕಿವಿಯ ಮೇಲೆ ಪೆನ್ಸಿಲ್ ಇತ್ತು.